ಮೊದಲು ಹೇಳಿದ ಬೆಲೆ

ಅಲ್ಲಮ್ಮಾ, ನಾನು ಥೂ ಅಂದದ್ದು ನಿನಗಲ್ಲ! ನಿನಗ್ಯಾಕೆ ಅಂತೀನಿ? ಆ ಕಂಪನಿಯವರಿಗೆ ಅಂದೆ. ಕೂತ್ಕೋ. ಆ ಸ್ಟೂಲ್ ಬೇಡ, ಅದರ ಮೇಲೆ ಪ್ರೈಮರ್ ಚೆಲ್ಲಿದೆ, ಇನ್ನೂ ಒಣಗಿಲ್ಲ. ಈ ಕಡೆ ಬಾ, ಫ್ಯಾನಿನ ಕೆಳಗೆ. ಶಟರ್ ಅರ್ಧ ಇಳಿಸಿದೀನಿ. ಈ ಬಿಸಿಲಿನಲ್ಲಿ ಬಣ್ಣ ಕೊಳ್ಳೋಕೆ ಯಾರು ಬರ್ತಾರೆ? ನಿನ್ನ ಗಂಡ ಡ್ರಮ್ಮು ಇಳಿಸೋಕೆ ಹೋದವನು ಸಂಜೆಗೆ ಮುಂಚೆ ಬರಲ್ಲ. ಅಂಗಡಿಯಲ್ಲಿ ಮಾವ, ಸೊಸೆ, ಇಬ್ಬರೇ. ಹೊಟ್ಟೆತುಂಬ ಬೈಯಬಹುದು ಅವರನ್ನ.

ಏನಂದೆ? … ಏನೂ ಅನ್ನಲಿಲ್ವಾ? ಸರಿ. ನಿನಗೆ ಬೈಗುಳ ಬರಲ್ಲ, ನಾನೇ ಬೈತೀನಿ.

ನೋಡು, ಅವರು ಹೇಳಿದ್ದೇನು? 'ಇಂಟರ್‌ವ್ಯೂ ಎಲ್ಲ ಸುತ್ತೂ ಮುಗೀತು, ನೀವೇ ನಮ್ಮ ಮೊದಲ ಆಯ್ಕೆ, ಎಚ್ಆರ್‌ನವರು ಫೋನ್ ಮಾಡ್ತಾರೆ.' ಅಂದ್ರೋ ಇಲ್ವೋ? ಆ ದೊಡ್ಡ ಮ್ಯಾನೇಜರೇ ಅಂದದ್ದು, ಕನ್ನಡಕ ತೆಗೆದು, ನಕ್ಕೊಂಡು. ನೀನು ಮೆಟ್ಟಿಲು ಹಾರಿಕೊಂಡು ಹೋಗಿ ನಿನ್ನ ಅತ್ತೆಯನ್ನ ತಬ್ಬಿಕೊಂಡದ್ದು ನನಗೆ ಇಲ್ಲಿಗೇ ಕೇಳಿಸ್ತು. ಅವಳ ಕೈಯಲ್ಲಿದ್ದ ಪಾತ್ರೆ ಬಿತ್ತಲ್ಲ! … ಆಮೇಲೆ? ಒಂದು ದಿನ ಆಯ್ತು, ಎರಡು ದಿನ ಆಯ್ತು, ವಾರ ಆಯ್ತು. ನೀನು ಮೇಲ್ ಹಾಕಿದೆ, ಉತ್ತರ ಇಲ್ಲ. ಇನ್ನೊಂದು ಹಾಕಿದೆ, ಅದಕ್ಕೂ ಇಲ್ಲ. ಮನುಷ್ಯರಾ ಇವರು? ನಮ್ಮ ಅಂಗಡಿಗೆ ಬಂದು, ಡಬ್ಬದ ಮುಚ್ಚಳ ತೆಗೆಸಿ, ಬಣ್ಣ ಹಲಗೆಗೆ ಹಚ್ಚಿಸಿ ನೋಡಿ, 'ಎತ್ತಿಡಿ, ಐದು ನಿಮಿಷ, ಬಂದೆ' ಅಂತ ಹೋಗಿ ಬರದೇ ಇರೋ ಗಿರಾಕಿಗಳಿದಾರಲ್ಲ, ಅವರಿಗೂ ಒಂದು ನಾಚಿಕೆ ಇರುತ್ತೆ. ಮುಂದೆ ಈ ಬೀದೀಲಿ ಹಾದುಹೋಗೋವಾಗ ಮುಖ ಆ ಕಡೆ ತಿರುಗಿಸ್ಕೊಂಡಾದ್ರೂ ಹೋಗ್ತಾರೆ. ಇವರಿಗೆ ಅಷ್ಟೂ ಇಲ್ಲ! ಹೇಸಿಗೆ ಜನ.

ಯಾಕೆ ಹಾಗೆ ನೋಡ್ತಿದೀಯ? ಫ್ಯಾನ್ ಜೋರು ಮಾಡ್ಲಾ?

ಗೋಡೌನಿನೊಳಗೆ ಇಷ್ಟು ಹೊತ್ತು ಯಾರ ಜೊತೆ ಮಾತಾಡ್ತಿದ್ದೆ? … ಹೇಳಲೇಬೇಕು ಅಂತಲ್ಲ, ಸುಮ್ನೆ ಕೇಳಿದೆ. ಸ್ನೇಹಿತೆ ಇರಬೇಕು. ನಿನ್ನ ಜೊತೆಗೇ ಕೆಲಸದಿಂದ ತೆಗೆದ್ರಲ್ಲ, ಆ ಉದ್ದ ಜಡೆಯವಳು, ಅವಳೇ ತಾನೆ? ಹೂಂ. ಅವಳಿಗೂ ಎಲ್ಲೂ ಸಿಕ್ಕಿಲ್ಲ ಅನ್ಸುತ್ತೆ. ಎಲ್ಲಿಂದ ಸಿಗುತ್ತೆ? ನಿಮ್ಮ ಇಡೀ ತಂಡವನ್ನೇ ಬೆಳಗ್ಗೆ ಒಂದು ವಿಡಿಯೋ ಕಾಲ್‌ಗೆ ಕರೆದು, 'ನೀವೆಲ್ಲ ನಮ್ಮ ಕುಟುಂಬ' ಅಂದು, ಮಧ್ಯಾಹ್ನದ ಊಟದ ಹೊತ್ತಿಗೆ ಕಂಪ್ಯೂಟರಿಗೆ ಬೀಗ ಹಾಕಿಬಿಟ್ರಲ್ಲ! ಕುಟುಂಬ ಅಂತೆ! ನಮ್ಮ ಅಂಗಡಿ ಹಮಾಲನನ್ನ ಬಿಡಿಸೋಕೂ ನಾನು ಒಂದು ತಿಂಗಳು ಮುಂಚೆ ಹೇಳಿದ್ದೆ. ಅವನು ಕುಡುಕ, ಆದ್ರೂ ಹೇಳಿದ್ದೆ.

ಅವತ್ತಿಂದ ವರ್ಷ ತುಂಬ್ತಾ ಬಂತು. ನೀನೇ ಹೇಳಿದ್ದು ನನಗೆ, 'ಮಾವ, ವರ್ಷ ದಾಟಿದ್ರೆ ನನ್ನ ಅರ್ಜೀನ ಮನುಷ್ಯರು ನೋಡೋದೇ ಇಲ್ಲ, ಯಂತ್ರಾನೇ ಪಕ್ಕಕ್ಕೆ ಹಾಕುತ್ತೆ' ಅಂತ. ನನಗೆ ಅದು ಕೂಡಲೇ ಅರ್ಥ ಆಯ್ತು. ಡಬ್ಬದ ಮೇಲಿನ ತಾರೀಖು ದಾಟಿತು ಅಂದ್ರೆ ಒಳಗೆ ಬಣ್ಣ ಬೆಣ್ಣೆ ಥರ ಇರ್ಲಿ, ಪೇಂಟರ್ ಒಂದ್ಸಲ ಅಲ್ಲಾಡಿಸಿ, ಮೂಗು ಮುರಿದು, ಹಿಂದಕ್ಕಿಡ್ತಾನೆ. ಹತ್ತು ವರ್ಷಕ್ಕೂ ಹೆಚ್ಚು ಸಾಫ್ಟ್‌ವೇರ್ ಬರೆದವಳು ನೀನು. ಈ ಕೆಲಸ ಒಂದು ಸಿಕ್ಕಿಬಿಟ್ಟಿದ್ರೆ ತಾರೀಖು ದಾಟೋದು ತಪ್ಪುತ್ತಿತ್ತು. ನನಗೆ ಗೊತ್ತಿಲ್ವಾ? ಎಲ್ಲರಿಗಿಂತ ಚೆನ್ನಾಗಿ ಗೊತ್ತು.

ನೀರು ಕುಡೀತೀಯಾ? ಬೇಡ್ವಾ.

ನಾನು ಎಲ್ಲ ಕೇಳಿಸ್ಕೊಂಡಿದೀನಿ, ಗೊತ್ತಾ ನಿನಗೆ? ಮನೆಯಲ್ಲಿ ನಿನ್ನ ಅತ್ತೆಯ ಮಿಕ್ಸಿ ಸದ್ದು ಅಂತ ನೀನು ಗೋಡೌನಿನಲ್ಲಿ ಕೂತು ಇಂಟರ್‌ವ್ಯೂ ಕೊಡ್ತಿದ್ಯಲ್ಲ, ಪುಟ್ಟಿ ಮೂಟೆಗಳ ಮೇಲೆ ಬಿಳೀ ದುಪ್ಪಟಿ ಇಳಿಬಿಟ್ಟು, ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ಮನೆ ಪೈಜಾಮ… ಹ್ಞಾಂ, ಅದೂ ಗೊತ್ತು. ಆಗೆಲ್ಲ ನಾನು ಟರ್ಪಂಟೈನ್ ಕ್ಯಾನ್ ಹುಡುಕೋ ನೆಪದಲ್ಲಿ ಡ್ರಮ್ಮುಗಳ ಹಿಂದೆ ನಿಂತಿರ್ತಿದ್ದೆ. ನಿನ್ನ ಮೇಲೆ ಗೂಢಚಾರಿಕೆ ಮಾಡೋಕಲ್ಲ. ಮಾಲು ಮಾರೋದು ನನಗೆ ಗೊತ್ತು, ಮನುಷ್ಯರನ್ನ ಹೇಗೆ ಕೊಳ್ತಾರೆ ನೋಡೋಣ ಅಂತ. ನೋಡಿದೆ. ಹಳೇ ಡಿಸ್ಟೆಂಪರ್ ಕೊಳೆತು, ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತಲ್ಲ, ಅದಕ್ಕಿಂತ ನಾತ.

ಮೊದಲನೆಯದು ಆ ಗೊಂಬೆ. ಮನುಷ್ಯಳೇ ಅಲ್ಲ! ಕಂಪ್ಯೂಟರಿನೊಳಗೆ ಒಂದು ಹೆಣ್ಣಿನ ಮುಖ ಮಾಡಿಟ್ಟು, ಕಣ್ಣು ಮಿಟುಕಿಸೋಕೆ ಕಲಿಸಿ, ಕೂರಿಸಿದಾರೆ. 'ನಿಮ್ಮ ಬಗ್ಗೆ ಹೇಳಿ' ಅನ್ನುತ್ತೆ. ನೀನು ಪಾಪ ಮೈ ನೆಟ್ಟಗೆ ಮಾಡ್ಕೊಂಡು ಹೇಳ್ತೀಯ. 'ಅದ್ಭುತ ಉತ್ತರ' ಅನ್ನುತ್ತೆ. ಪುಟ್ಟಿ ಧೂಳು ಮೂಗಿಗೆ ಹೋಗಿ ನೀನು ಸೀನಿದೆ. ಅದಕ್ಕೂ 'ಅದ್ಭುತ ಉತ್ತರ' ಅಂತು! ನಾನು ಡ್ರಮ್ಮಿನ ಹಿಂದೆ ಬಾಯಿಗೆ ಬಟ್ಟೆ ತುರುಕ್ಕೊಂಡು ನಕ್ಕೆ. ಮಾರನೇ ದಿನ, 'ವಿಷಾದಿಸುತ್ತೇವೆ' ಅಂತ ಮೇಲ್ ಬಂತು ನೋಡು, ಆಗ ನಗು ಇಳೀತು. ಸೀನಿದ್ದಕ್ಕೆ ಅದ್ಭುತ ಅಂದವಳು ಯಾವುದಕ್ಕೆ ವಿಷಾದಿಸಿದಳು?

ಎರಡನೆಯವನು ಆ ಮೆಲುಕಪ್ಪ. ಹೌದು, ನಾನೇ ಇಟ್ಟ ಹೆಸರು. ಇಪ್ಪತ್ತೈದು ದಾಟಿಲ್ಲ ಅವನಿಗೆ. ಒಂದು ಗಂಟೆ ಹೊತ್ತು ಏನೋ ಮೆಲ್ತಾ, ಬಾಯಿ ತೆರೆದುಕೊಂಡೇ ಮೆಲ್ತಾ, ನಿನಗೆ ಪ್ರಶ್ನೆ ಕೇಳಿದ. ನೀನು ಉತ್ತರ ಹೇಳೋವಾಗ ಅವನ ಕಣ್ಣು ಇನ್ನೆಲ್ಲೋ. ಆಮೇಲೆ ಏನಂದ? 'ನಿಮ್ಮ ಅನುಭವ ಈ ಕೆಲಸಕ್ಕೆ ಜಾಸ್ತಿ ಆಯ್ತು.' ಅದರ ಹಿಂದಿನ ವಾರ ಇನ್ನೊಬ್ಬ 'ಅನುಭವ ಕಮ್ಮಿ ಆಯ್ತು' ಅಂದಿದ್ದ. ಒಂದೇ ವಾರದಲ್ಲಿ ಒಬ್ಬಳೇ ಹೆಂಗಸಿನ ಅನುಭವ ಹೇಗಮ್ಮಾ ಉಬ್ಬುತ್ತೆ? ರಬ್ಬರಾ ಅದು?

ಇನ್ನು ಮೂರನೆಯವರು… ಅವರ ವಿಷಯ ಎತ್ತಿದ್ರೆ ಈಗಲೂ ನನ್ನ ಮೈ ಉರಿಯುತ್ತೆ. 'ಮನೆಯಲ್ಲೇ ಒಂದು ಸಣ್ಣ ಕೆಲಸ ಮಾಡಿ ತೋರ್ಸಿ' ಅಂದ್ರು. ನೀನು ಶನಿವಾರ, ಭಾನುವಾರ, ತಲೆ ಕೂಡ ಬಾಚಿಕೊಳ್ಳದೆ ಕೂತು ಮಾಡಿದೆ. ಕಳಿಸಿದೆ. 'ಚೆನ್ನಾಗಿದೆ, ಇದನ್ನೂ ಸೇರಿಸಿ' ಅಂದ್ರು. ಸೇರಿಸಿದೆ. 'ಅದನ್ನೂ ಸೇರಿಸಿ' ಅಂದ್ರು. ಅದನ್ನೂ ಸೇರಿಸಿದೆ. ಆಮೇಲೆ 'ಈ ಹುದ್ದೆ ರದ್ದಾಗಿದೆ' ಅಂದ್ರು. ತಿಂಗಳು ಕಳೆದ ಮೇಲೆ ಅವರ ಆ್ಯಪ್ ತೆಗೆದು ತೋರ್ಸಿದೆ ನೀನು, 'ನೋಡಿ ಮಾವ, ನಾನು ಮಾಡಿದ್ದು' ಅಂತ. ಗೋಡೆಗೆ ಒಂದು ಗೇಣು ಹಚ್ಚಿ ತೋರಿಸಿ ಅಂತ ಪೇಂಟರನ್ನ ಕರೆದು, ಇಡೀ ಮನೆಗೆ ಬಣ್ಣ ಹೊಡೆಸ್ಕೊಂಡು, ಬಣ್ಣ ಹಿಡಿಸಲಿಲ್ಲ ಅಂತ ಓಡಿಸಿದ ಹಾಗೆ! ನಮ್ಮ ಪೇಂಟರ್‌ಗಳಾದ್ರೆ ಏಣಿ ಎತ್ಕೊಂಡು ಹೊಡೀತಿದ್ರು. ನೀವು ಓದಿದವರು, 'ಅವಕಾಶ ಕೊಟ್ಟದ್ದಕ್ಕೆ ಧನ್ಯವಾದ' ಅಂತ ಬರೀತೀರ.

ಹುದ್ದೆಯೇ ಇಲ್ಲದ ಜಾಹೀರಾತು ಬೇರೆ! ನಾನೂ ಶೋಕೇಸಿನಲ್ಲಿ ಖಾಲಿ ಡಬ್ಬ ಪೇರಿಸಿಟ್ಟಿದೀನಿ, ಇಲ್ಲ ಅನ್ನಲ್ಲ. ಆದ್ರೆ ಬೇಕು ಅಂತ ಬಂದವನಿಗೆ ಒಳಗಿಂದ ತುಂಬಿದ ಡಬ್ಬ ತಂದು ಕೊಡ್ತೀನಲ್ಲಮ್ಮಾ! ಇವರು ಒಳಗೂ ಖಾಲಿ, ಹೊರಗೂ ಖಾಲಿ. ಕಂಪನಿ ಬೆಳೀತಿದೆ ಅಂತ ಯಾರದೋ ಕಣ್ಣಿಗೆ ಕಾಣಿಸೋಕೆ, ನಿನ್ನಂಥವರು ಸಾವಿರ ಜನ ರಾತ್ರಿ ಹಗಲು ಅರ್ಜಿ ತುಂಬಿ ಸಾಯಬೇಕು.

ಇದು ಕೊಳ್ಳೋರ ಕಾಲ ಕಣಮ್ಮಾ. ಮಾರುಕಟ್ಟೆಯಲ್ಲಿ ಮಾಲು ಜಾಸ್ತಿ ಬಿದ್ದಾಗ ಕೊಳ್ಳೋನು ಹೇಗೆ ನಡೆದುಕೊಳ್ತಾನೆ ಅನ್ನೋದ್ರಲ್ಲೇ ಅವನ ಯೋಗ್ಯತೆ ಗೊತ್ತಾಗುತ್ತೆ. ಎತ್ತಿ ನೋಡ್ತಾನೆ, ಮೂಸಿ ನೋಡ್ತಾನೆ, ಉಗುರಲ್ಲಿ ಗೀಚಿ ನೋಡ್ತಾನೆ, ಬಿಸಾಕಿ ಹೋಗ್ತಾನೆ. ಕೊನೇ ಸುತ್ತಿನಲ್ಲಿ ಅವರು ನಿನ್ನ ಕೇಳಿದ್ರಲ್ಲ, 'ನೀವು ಒಂದು ಪ್ರಾಣಿ ಆಗಿದ್ರೆ ಯಾವ ಪ್ರಾಣಿ ಆಗ್ತಿದ್ರಿ?' ಅಂತ. ಒಂದು ಮಗುವನ್ನೂ ಹಾಗೆ ಕೇಳಲ್ಲ. ನೀನು 'ಇರುವೆ' ಅಂದೆ. ಅವರಿಗೆ ಖುಷಿಯೋ ಖುಷಿ! ನಾನು ಡ್ರಮ್ಮಿನ ಹಿಂದೆ ಹಲ್ಲು ಕಡಿದೆ, ನನ್ನ ಸೊಸೆ ಬಾಯಲ್ಲಿ ಇರುವೆ ಅನ್ನಿಸಿದ್ರಲ್ಲ ಅಂತ.

ಇಂಥವರಿಗೆ ಮಾನ ಎಲ್ಲಿಂದ ಬರಬೇಕು? ವ್ಯಾಪಾರದಲ್ಲಿ ಎಲ್ಲಕ್ಕಿಂತ ದೊಡ್ಡದು ಮಾತು. ಹೌದಾದ್ರೆ ಹೌದು ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಇನ್ನೊಬ್ಬರನ್ನ ಕತ್ತಲೆಯಲ್ಲಿ ಇಟ್ಟು ಕಾಯಿಸೋನು ವ್ಯಾಪಾರಿಯೇ ಅಲ್ಲ, ಅವನು…

ಯಾಕೆ ನಗ್ತೀಯ?

ಇಲ್ಲ, ನಕ್ಕೆ. ನಾನು ನೋಡಿದೆ. ತುಟಿ ಅಷ್ಟೇ ನಕ್ಕಿದ್ದು, ಆದ್ರೂ ನಕ್ಕೆ. ಅದರಲ್ಲಿ ನಗೋದೇನು ಬಂತು? … ಸರಿ ಬಿಡು. ದುಃಖ ಜಾಸ್ತಿಯಾದಾಗಲೂ ಜನ ನಗ್ತಾರೆ. ನನ್ನ ತಂಗಿ ಗಂಡ ಸತ್ತ ದಿನ ನಕ್ಕಿದ್ದಳು.

ನಿನಗೆ ಬೇಜಾರಾಗಿದೆ, ಒಪ್ಪಿದೆ. ಆದ್ರೆ ಒಂದು ಮಾತು ತಿಳ್ಕೋ. ಅವರು ಕೈ ಕೊಟ್ಟದ್ದು ಒಳ್ಳೇದೇ ಆಯ್ತು ಅಂತೀನಿ ನಾನು. ಹೌದು! ಅಂಥ ಕಡೆ ಹೋಗಿ ಏನು ಸುಖ ಪಡ್ತಿದ್ದೆ? ನನಗೆ ಅವತ್ತೇ ಅನ್ನಿಸಿತ್ತು. ಆ ಹುಡುಗಿಯ ದನಿಯಲ್ಲೇ ಇತ್ತು ಅವಸರ. ಬೆನ್ನ ಹಿಂದೆ ಯಾರೋ ನಿಂತು ತಿವಿದ ಹಾಗೆ ಮಾತಾಡ್ತಾಳೆ. 'ಇವತ್ತು ಸಂಜೆಯೊಳಗೆ ಹೇಳಿಬಿಡಬೇಕು ಸರ್, ಪಟ್ಟಿಯಲ್ಲಿ ಇನ್ನೂ ಜನ ಇದಾರೆ' ಅಂತೆ! ಹಾಗೆ ಗಡುವು ಹಾಕೋರ ಹತ್ತಿರ ನಾನು ಜೀವಮಾನದಲ್ಲಿ ವ್ಯವಹಾರ…

ಏನು?

ಯಾವ ಹುಡುಗಿ ಅಂತ ಕೇಳ್ತಿದೀಯಾ? … ಇಲ್ಲ, ನೀನು ಕೇಳಲಿಲ್ಲ. ನಿನ್ನ ಹುಬ್ಬು ಕೇಳ್ತು. ಅದೇ… ಎಚ್ಆರ್ ಹುಡುಗಿಯರು ಎಲ್ಲ ಹಾಗೇ ತಾನೆ? ಸಾಮಾನ್ಯವಾಗಿ ಹೇಳಿದೆ. ನಿನ್ನ ಗಂಡ ಹೇಳಿದ್ದ, ಅವರು ಹಾಗೆ ಗಡುವು ಹಾಕ್ತಾರೆ ಅಂತ.

ಅವನಿಗೆ ಹೇಗೆ ಗೊತ್ತು ಅಂತೀಯಾ? … ಅದೂ ನಿಜ. ಅವನಿಗೆ ಏನೂ ಗೊತ್ತಿರಲ್ಲ. ನನ್ನ ಮಗನೇ ಆದ್ರೂ ಹೇಳ್ತೀನಿ.

ಬಿಸಿಲು ನೋಡು. ಶಟರ್ ಇನ್ನೂ ಸ್ವಲ್ಪ ಇಳಿಸ್ಲಾ?

ಏನಾದ್ರೂ ಮಾತಾಡಮ್ಮಾ. ಹೀಗೆ ಕಲ್ಲಿನ ಹಾಗೆ ಕೂತ್ರೆ ನಾನೊಬ್ಬನೇ ಎಷ್ಟು ಅಂತ ವಟಗುಟ್ಟಲಿ? … ಹ್ಞಾಂ, ಹ್ಞಾಂ. ಗೊತ್ತಾಯ್ತು ಈಗ. ಬೆಲೆ ಹೇಳಿದ ಮೇಲೆ ಬಾಯಿಗೆ ಬೀಗ ಹಾಕ್ಕೊಂಡು ಗಿರಾಕಿಯ ಕಣ್ಣನ್ನೇ ನೋಡ್ತಾ ಇರು, ತಡೀಲಾರದೆ ಅವನೇ ಬಾಯಿ ಬಿಡ್ತಾನೆ… ಈ ಕೌಂಟರಿನಲ್ಲಿ ನಿನಗೆ ಇದನ್ನ ಕಲಿಸಿದವನು ನಾನು. ನನ್ನ ಮೇಲೇನಾ ಇದನ್ನ ಪ್ರಯೋಗ ಮಾಡೋದು? ಅಂ?

ಗೋಡೌನಿನಲ್ಲಿ… ಸ್ನೇಹಿತೆ ಜೊತೆ ಅಲ್ಲ, ಅಲ್ವಾ ಮಾತಾಡಿದ್ದು?

ಆ ಕಂಪನಿಗೇ ಫೋನ್ ಮಾಡಿದ್ಯಾ?

…

ಹೂಂ. ಆಯ್ತು. ಹಾಗಾದ್ರೆ ಕೇಳು. ನಾನೇ ಹೇಳ್ತೀನಿ, ಅವಳು ಹೇಗೆ ಹೇಳಿದ್ಲೋ ಏನೋ. ಫೋನ್ ಬಂದಿತ್ತು. ಹೌದು. ಹೋದ ವಾರ. ನೀನು ಊಟಕ್ಕೆ ಮೇಲೆ ಹೋಗಿದ್ದೆ. ಫೋನ್ ಇಲ್ಲೇ ಕೌಂಟರಿನ ಮೇಲೆ ಚಾರ್ಜಿಗೆ ಹಾಕಿದ್ದೆ. ಅದು ಬಡ್ಕೊಳ್ತು. ನನ್ನ ಕೌಂಟರಿನ ಮೇಲೆ ಫೋನ್ ಬಡ್ಕೊಂಡ್ರೆ ನಾನು ಎತ್ತದೆ ಇರ್ತೀನಾ? ಜೀವಮಾನದ ಅಭ್ಯಾಸ. ಎತ್ತಿದೆ. 'ಮೇಡಂ ಇದಾರಾ?' ಅಂದ್ಲು. 'ನಾನು ಅವರ ಮಾವ, ಮನೆ ಹಿರಿಯ, ಏನಿದ್ರೂ ನನ್ನ ಹತ್ತಿರ ಹೇಳಿ' ಅಂದೆ. 'ಇಲ್ಲ ಸರ್, ಅವರ ಹತ್ತಿರಾನೇ ಮಾತಾಡ್ಬೇಕು, ಆಫರ್ ವಿಷಯ' ಅಂದ್ಲು. ನಾನು ಸುಮ್ನೆ, 'ಅಷ್ಟೇನಾ ಕೊಡೋದು?' ಅಂದೆ. ಎಷ್ಟು ಅಂತ ಅವಳು ಹೇಳೇ ಇರಲಿಲ್ಲ! 'ಅಷ್ಟೇನಾ' ಅಂತ ಒಂದು ಮಾತು ಅಂದ್ರೆ ಸಾಕು, ಎಂಥವರ ಬಾಯಿಂದಲೂ ಬೆಲೆ ಉದುರುತ್ತೆ. ಉದುರ್ತು. ಪಾಪ, ಎಳೇ ಹುಡುಗಿ.

ಅಷ್ಟಾದ ಮೇಲೆ ನಾನು ನಿನ್ನ ಕರೀಬಹುದಿತ್ತು. ಕರೀಬೇಕಿತ್ತು. ಮೆಟ್ಟಿಲ ಬುಡಕ್ಕೆ ಹೋಗಿ ಒಂದು ಕೂಗು ಹಾಕಿದ್ರೆ ಆಗ್ತಿತ್ತು. ಒಪ್ಪಿದೆ. ಆದ್ರೆ ಅವರು ಮೊದಲು ಹೇಳಿದ ಬೆಲೆಗೆ ಯಾರಾದ್ರೂ ಒಪ್ಪಿಕೊಳ್ತಾರಾ? ಯಾವ ವ್ಯಾಪಾರಿ ಒಪ್ಪಿಕೊಳ್ತಾನೆ? ಕರೆದ ಕೂಡಲೇ ನೀನು ಓಡಿ ಬಂದು 'ಹೌದು ಮೇಡಂ, ಧನ್ಯವಾದ ಮೇಡಂ' ಅಂದುಬಿಡ್ತೀಯ ಅಂತ ನನಗೆ ಗೊತ್ತಿತ್ತು. ವರ್ಷದಿಂದ ಅವರ ಉಗುಳು ಒರೆಸಿಕೊಂಡು ಒರೆಸಿಕೊಂಡು ನಿನಗೆ ನಿನ್ನ ಬೆಲೆಯೇ ಮರೆತುಹೋಗಿತ್ತು. ನಾನು ಮರೆತಿರಲಿಲ್ಲ! 'ನೋಡಮ್ಮಾ, ಅವಳಿಗೆ ಇನ್ನೂ ಎರಡು ಕಡೆ ಮಾತುಕತೆ ನಡೀತಿದೆ, ಇಷ್ಟು ಕೊಡೋದಾದ್ರೆ ಹೇಳಿ, ಇಲ್ಲಾಂದ್ರೆ ಬೇಡ' ಅಂದೆ. 'ಆಯ್ತು ಸರ್, ಕೇಳಿ ಹೇಳ್ತೀನಿ' ಅಂದ್ಲು. ಇಟ್ಲು.

ಬರ್ತಾರೆ ಅಂದ್ಕೊಂಡೆ ಕಣಮ್ಮಾ. ಬೆಲೆ ಕೇಳಿ, ಮುಖ ಸಿಂಡರಿಸಿ, ಮೆಟ್ಟಿಲಿಳಿದು ಹೋದ ಗಿರಾಕಿ ಬೀದಿ ತಿರುವಿನವರೆಗೆ ಹೋಗಿ ಮತ್ತೆ ಬರ್ತಾನೆ. ನಾನು ಈ ಗಲ್ಲಾಪೆಟ್ಟಿಗೆ ಮುಂದೆ ಕೂತು ಬೆಳಗಿನಿಂದ ಸಂಜೆವರೆಗೆ ಅದನ್ನೇ ನೋಡ್ಕೊಂಡು ಬಂದವನು. ಹೆಚ್ಚಿನ ಸಂಬಳಕ್ಕೆ ಅವರನ್ನ ಒಪ್ಪಿಸಿ, ಆಮೇಲೆ ನಿನ್ನ ಕೈಗೆ ಫೋನ್ ಕೊಟ್ಟು, 'ತಗೋ, ಮಾವನ ಉಡುಗೊರೆ' ಅನ್ನೋಣ ಅಂತಿದ್ದೆ. ಅದಕ್ಕೇ ಹೇಳಲಿಲ್ಲ. ದಿನಾ ಊಟದ ಹೊತ್ತಿಗೆ ನಿನ್ನ ಫೋನನ್ನ ಚಾರ್ಜಿಗೆ ಹಾಕು ಹಾಕು ಅಂತಿದ್ನಲ್ಲ, ಯಾಕೆ ಅಂದ್ಕೊಂಡೆ? ಕಾಯ್ತಿದ್ದೆ. ಅವರು ಬರಲಿಲ್ಲ. ಎಲುಬಿಲ್ಲದ ನಾಲಿಗೆಯ ಜನ. 'ಕೇಳಿ ಹೇಳ್ತೀನಿ' ಅಂದವಳು ಹೇಳಬೇಕೋ ಬೇಡ್ವೋ? ನೀನೇ ಹೇಳು!

…

ಬೇರೆಯವರಿಗೆ ಕೊಟ್ಟುಬಿಟ್ರಾ?

ಅದೇ ದಿನ ಸಂಜೆನೇನಾ?

…

ಈ ಫ್ಯಾನಿನ ಸದ್ದು ಒಂದು. ಕರಕರ ಅನ್ನುತ್ತೆ.

ನೀನಾಗಿದ್ರೆ ಅದರ ಅರ್ಧಕ್ಕೂ ಒಪ್ಪಿಕೊಂಡು ಹೋಗ್ತಿದ್ದೆ. ಗೊತ್ತು. ಆದ್ರೆ ನಾನು ಮಾಡಿದ್ದು ನಿನ್ನ ಒಳ್ಳೇದಕ್ಕೆ. ನಿನ್ನ ಸ್ವಂತ ಅಪ್ಪ ಆಗಿದ್ರೂ ಇದನ್ನೇ… ಯಾಕೆ, ಈಗಲೂ ಹಾಗೇ ನೋಡ್ತೀಯಲ್ಲ? ಎಲ್ಲ ಹೇಳಿದೆನಲ್ಲ! ಇನ್ನೇನು ಉಳೀತು? ನಡೆದದ್ದು ನಡೆದ ಹಾಗೆ ಹೇಳಿದೆ. ಅವಳು ಇದಕ್ಕಿಂತ ಬೇರೆ ಏನು ಹೇಳಿರೋಕೆ ಸಾಧ್ಯ?

…ನಾನು ಎಷ್ಟು ಕೇಳಿದೆ ಅಂತಾನೂ ಹೇಳಿದ್ಲಾ?

ಹೇಳಿದ್ಲು.

ಹೂಂ.

ಅದಕ್ಕೇ ನೀನು ಆಗ ನಕ್ಕಿದ್ದು.

ಮೊನ್ನೆ ಹಳೇ ಸಾಮಾನಿನವನು ಈ ಗಾಜಿನ ಬೀರು ಕೇಳ್ಕೊಂಡು ಬಂದಿದ್ದ. ನಮ್ಮಪ್ಪನ ಕಾಲದ್ದು, ನನಗೆ ಕೊಡೋ ಮನಸ್ಸಿಲ್ಲ. ಬಾಯಿಗೆ ಬಂದ ಒಂದು ಬೆಲೆ ಹೇಳಿದೆ. ಅವನು ಕಣ್ಣು ಕಣ್ಣು ಬಿಟ್ಟು ನಡೆದ. ನೀನು ಬಿದ್ದು ಬಿದ್ದು ನಕ್ಕಿದ್ದೆ, 'ಕೊಡಲ್ಲ ಅಂದಿದ್ರೆ ಆಗ್ತಿತ್ತಲ್ಲ ಮಾವ' ಅಂತ. 'ಕೊಡಲ್ಲ ಅನ್ನೋದು ವ್ಯಾಪಾರಿ ಬಾಯಲ್ಲಿ ಬರಬಾರದು, ಅವನಾಗೇ ಬಿಟ್ಟು ಹೋಗೋ ಹಾಗೆ ಮಾಡಬೇಕು' ಅಂದಿದ್ದೆ ನಾನು. ನೀನು ಮರೆಯೋಳಲ್ಲ. ಒಂದು ಸಲ ಕೇಳಿದ್ದನ್ನ ಮರೆಯೋಳೇ ಅಲ್ಲ.

ನಾನು ನಿನಗೆ ಅಂತ ಕೇಳಿದ ಆ ಬೆಲೆ ಯಾವ ಕಂಪನಿಯೂ ಕೊಡಲ್ಲ. ಅವಳಿಗೆ ಹೇಳೋವಾಗಲೇ ನನಗೆ ಗೊತ್ತಿತ್ತು.

ಏನು ಮಾಡಲಿ? ಹೇಳು! ಕೆಲಸ ಹೋಗಿ ನೀನು ಇಲ್ಲಿ ಕೂರೋಕೆ ಮುಂಚೆ ಈ ಅಂಗಡಿ ಹೇಗಿತ್ತು? ಆ ಬಣ್ಣ ಬೆರೆಸೋ ಮಿಷನ್ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿತ್ತು. ನಿನ್ನ ಗಂಡ ಅದರಲ್ಲಿ ಆಕಾಶದ ಬಣ್ಣ ಮಾಡೋಕೆ ಹೋಗಿ ಒಂದು ಮದುವೆ ಮನೆಗೆ ಬೂದಿ ಬಣ್ಣ ಮಾಡಿಕೊಟ್ಟಿದ್ದ. ನೀನು ಕೂತೆ, ಒಂದು ವಾರ ಅದರ ತಲೆಯೊಳಗೆ ಏನೇನೋ ಕೆದಕಿದೆ. ಈಗ ಜನ ಗೋಡೆಯ ಚಕ್ಕೆ ಕಿತ್ಕೊಂಡು, ಹಳೇ ಬಾಗಿಲ ಚೂರು ಹಿಡ್ಕೊಂಡು, ಪಕ್ಕದ ಬಡಾವಣೆಯಿಂದ ಬರ್ತಾರೆ. ಬಂದವರು ನನ್ನ ಮುಖ ನೋಡಲ್ಲ. 'ಮೇಡಂ ಇಲ್ವಾ?' ಅಂತಾರೆ. ಪೇಂಟರ್‌ಗಳು ನನ್ನ ಹತ್ತಿರ ಜಗಳ ಆಡ್ತಾರೆ, ನಿನ್ನ ಹತ್ತಿರ ಬಾಯಿ ಮುಚ್ಕೊಂಡು ತಗೊಂಡು ಹೋಗ್ತಾರೆ. ನೀನು ಹೊರಟ್ರೆ ಈ ಕಡೆ ನಾನು, ಆ ಕಡೆ ನನ್ನ ಮಗ, ನಡುವೆ ಆ ಮಿಷನ್ನು. ಅದಕ್ಕೆ ಮತ್ತೆ ಗೋಣಿ.

ಸಂಬಳ ಕೊಡ್ತಿದ್ದೆ ನಾನು! ಕೊಡೋದಿಲ್ಲ ಅಂತ ಎಲ್ಲಿ ಅಂದೆ? ನೀನು ಕೇಳಲಿಲ್ಲ. ಮನೆಯವಳು ಅಂತ ನಾನೂ…

ಇಲ್ಲ. ಅದನ್ನ ಹೇಳಬಾರದಿತ್ತು. ಗೇಣು ಗೋಡೆ ಅಂದು ಇಡೀ ಮನೆಗೆ ಹೊಡೆಸಿದವರನ್ನ ಬೈದೆನಲ್ಲ, ಇಷ್ಟು ಹೊತ್ತು.

ನಾನು ಹೇಳೋದು ಕೇಳು. ಆ ನಂಬರು ಕೊಡು. ನಾನೇ ಮಾತಾಡ್ತೀನಿ. ಮುದುಕ, ತಲೆ ಕೆಟ್ಟಿತ್ತು, ಏನೋ ಒದರಿದೆ, ಅವಳದ್ದು ಏನೂ ತಪ್ಪಿಲ್ಲ ಅಂತೀನಿ. ಅವರು ಮೊದಲು ಹೇಳಿದ ಬೆಲೆಗೇ ಆಗಲಿ… ಬೆಲೆ ಅಲ್ಲ, ಸಂಬಳ. ಸಂಬಳಕ್ಕೇ ಆಗಲಿ ಅಂತೀನಿ. ಅದಕ್ಕಿಂತ ಕಡಿಮೆಗಾದ್ರೂ ಸರಿ. ಕೈ ಮುಗೀತೀನಿ ಬೇಕಾದ್ರೆ, ವಿಡಿಯೋದಲ್ಲೇ ಮುಗೀತೀನಿ.

ಆಗೋದಿಲ್ವಾ? … ಒಂದು ಸಲ ಪ್ರಯತ್ನ ಮಾಡಬಹುದು ತಾನೆ?

ಗಂಡನಿಗೆ ಹೇಳಿದ್ಯಾ? ಅತ್ತೆಗೆ? … ಹೇಳ್ತೀಯಾ? ಹೇಳು. ಹೇಳಬೇಡ ಅನ್ನಲ್ಲ. ಹೇಳೋಕೆ ಮುಂಚೆ ನನ್ನ ಹತ್ತಿರ ಒಂದೇ ಒಂದು ಮಾತು… ಯಾಕೆ ಎದ್ದೆ? ಎಲ್ಲಿಗೆ? ಆ ಮಿಷನ್ನಿನಿಂದ ಏನದು ಕಿತ್ಕೊಳ್ತಿರೋದು? ನಿನ್ನ ಲ್ಯಾಪ್‌ಟಾಪಾ? ಓಹೋ… ಅದು ನಿನ್ನದಾ? ಅದರ ಮೇಲೇನಾ ಇದು ಇಷ್ಟು ದಿನ ನಡೀತಿದ್ದದ್ದು? ನಾನು ಮಿಷನ್ನಿನದ್ದೇ ಅಂದ್ಕೊಂಡಿದ್ದೆ.

ಯಾರು? ಯಾರದು ಶಟರ್ ಬಡಿಯೋದು? … ಬನ್ನಿ ಸಾರ್, ಬನ್ನಿ, ಬಗ್ಗಿ ಬನ್ನಿ, ತಲೆ ಜೋಪಾನ. ಹೇಳಿ. ಬಾಗಿಲ ಚೂರಾ? ತೋರ್ಸಿ. ಇದೇ ಹಸಿ ಹಸಿರಾ? ಹೂಂ, ಇದು ಬೆರೆಸಬೇಕಾಗುತ್ತೆ. ಮೇಡಂ? … ಇದಾರೆ. ಇಲ್ಲೇ ಇದಾರೆ ಸಾರ್. ಇವತ್ತು ಮಿಷನ್ ಸ್ವಲ್ಪ… ನಾಳೆ? ನಾಳೆ ಬರ್ತೀರಾ?

ಅಮ್ಮಾ. ಇವರು ನಾಳೆ ಬರ್ತಾರಂತೆ. ನಾಳೆ ಆಗುತ್ತಾ?

ಅಮ್ಮಾ?

…

ಇಲ್ಲ ಸಾರ್. ನಾಳೆನೂ ಆಗಲ್ಲ. ನಮ್ಮಲ್ಲಿ ಆಗಲ್ಲ. ಹೀಗೇ ನೆಟ್ಟಗೆ ಹೋಗಿ, ಸಿಗ್ನಲ್ ದಾಟಿ ಬಲಗಡೆ ಇನ್ನೊಂದು ಅಂಗಡಿ ಇದೆ. ಅಲ್ಲಿ ಕೇಳಿ.